ಮುಂಜಾನೆ ಒಂಬತ್ತರ ಬಸ್ಸು: ಕೊಪ್ಪಳದಿಂದ ಬಳ್ಳಾರಿಗೆ ನಾಲ್ಕು ದಿನ

ಮೊದಲನೇ ದಿನ: ಸೋಮವಾರ, ಕೊಪ್ಪಳ

ಹಂಪಿ ಎಕ್ಸ್‌ಪ್ರೆಸ್ ಕೊಪ್ಪಳ ಮುಟ್ಟಿದಾಗ ಎಂಟು ದಾಟಿತ್ತು. ಹೊಸಪೇಟೆಯಲ್ಲೇ ಎಚ್ಚರವಾಗಿ ಕಿಟಕಿ ಪಕ್ಕ ಕೂತಿದ್ದೆ. ಮುನಿರಾಬಾದ್ ಹತ್ತಿರ ಹೊಳೆ, ಆಮೇಲೆ ಗಿಣಿಗೇರಾ ಕಡೆಯ ಕಾರ್ಖಾನೆ ಚಿಮಣಿಗಳು, ಆಮೇಲೆ ಬಯಲು, ಬಂಡೆಗುಡ್ಡ. ನವೆಂಬರ್ ಮೂರನೇ ವಾರ. ಚಳಿ ಇರುತ್ತದೆ ಅಂತ ಶಾಲು ತಂದಿದ್ದೆ. ಒಂಬತ್ತಕ್ಕೆ ಅದು ಬ್ಯಾಗು ಸೇರಿತು. ಮತ್ತೆ ಹೊರಗೆ ಬಂದದ್ದು ವಾಪಸ್ ಹೋಗುವ ರೈಲಿನಲ್ಲೇ.

ಗೆಳತಿ ಸ್ಕೂಟಿ ತಂದಿದ್ದಳು. ಧಾರವಾಡದ ಹಾಸ್ಟೆಲಿನಲ್ಲಿ ನಾವಿಬ್ಬರೂ ಒಂದೇ ರೂಮು. ಓದು ಮುಗಿದ ಮೇಲೆ ನಾನು ಮೈಸೂರಿಗೆ ಹೋಗಿ ಕಾಲೇಜಿನಲ್ಲಿ ಪಾಠ ಹೇಳತೊಡಗಿದೆ. ಅವಳು ಈ ಕಡೆ ಬಂದು, ಹಳ್ಳಿಯ ಹುಡುಗಿಯರ ಜೊತೆ ಕೆಲಸ ಮಾಡುವ ಸಣ್ಣ ಸಂಸ್ಥೆ ಸೇರಿದಳು. ಹನ್ನೆರಡು ವರ್ಷವಾಯಿತು. ‘ಒಮ್ಮೆ ಬಂದು ನೋಡು’ ಅಂತ ಅವಳು, ‘ಮುಂದಿನ ವರ್ಷ’ ಅಂತ ನಾನು. ನನ್ನ ಕ್ಲಾಸಿನಲ್ಲಿ ಪ್ರತಿ ವರ್ಷ ಕೊಪ್ಪಳ, ರಾಯಚೂರು ಕಡೆಯ ಒಬ್ಬಿಬ್ಬರು ಹುಡುಗಿಯರು ಇರುತ್ತಾರೆ. ಅವರು ಅಲ್ಲಿಯತನಕ ಬಂದ ದಾರಿ ಹೇಗಿರಬಹುದು ಅಂತ ಕುತೂಹಲ ಇತ್ತು. ದಾರಿ ಅಂದದ್ದು ಸುಮ್ನೆ ಮಾತಿಗೆ. ಇಲ್ಲಿ ಬಂದ ಮೇಲೆ ನಿಜವಾದ ದಾರಿಯ ಮಾತೇ ಜಾಸ್ತಿಯಾಯಿತು.

ಮೊದಲೇ ಒಂದು ಮಾತು. ಈ ಬರಹದಲ್ಲಿ ಯಾರ ಹೆಸರೂ ಇಲ್ಲ, ಹಳ್ಳಿಗಳ ಹೆಸರೂ ಇಲ್ಲ. ಹುಡುಗಿಯರ ವಿಷಯ. ಊರಲ್ಲಿ ಮಾತು ಹುಟ್ಟಲು ಇಷ್ಟು ಸಾಕು.

ಬಸ್‌ಸ್ಟ್ಯಾಂಡ್ ಎದುರು ಒಗ್ಗರಣಿ, ಮಿರ್ಚಿ ತಿಂದು ಕುಕನೂರು ಕಡೆಯ ಬಸ್ಸು ಹಿಡಿದೆವು. ಕಂಡಕ್ಟರ್ ನಮ್ಮಿಬ್ಬರಿಗೂ ಸೊನ್ನೆ ಟಿಕೆಟ್ ಹರಿದುಕೊಟ್ಟರು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದಾಗಿನಿಂದ ಹೆಂಗಸರಿಗೆ ಟಿಕೆಟ್ ಕಾಸಿಲ್ಲ, ಗೊತ್ತಲ್ಲ. ಬಸ್ಸಿನಲ್ಲಿ ಮುಕ್ಕಾಲು ಪಾಲು ಹೆಂಗಸರೇ. ಇಟಗಿ ಇಲ್ಲೇ ಹತ್ತಿರ. 1112ರ ಮಹಾದೇವ ದೇವಾಲಯ, ಶಾಸನವೇ ಅದನ್ನು ‘ದೇವಾಲಯ ಚಕ್ರವರ್ತಿ’ ಅಂದಿದೆ. ನೋಡಿಕೊಂಡು ಹೋಗೋಣ ಅಂದೆ. ‘ಒಂಬೈನೂರು ವರ್ಷ ನಿಂತದ, ನಾಳೆನೂ ಇರ್ತದ, ನಡಿ’ ಅಂದಳು. ಕೊನೆಗೂ ನೋಡಲಿಲ್ಲ.

ನಾವು ಹೋದದ್ದು ಸುಮಾರು ಮುನ್ನೂರು ಮನೆಯ ಊರಿಗೆ. ಏಳನೇ ಕ್ಲಾಸಿನ ತನಕ ಊರಲ್ಲೇ ಸಾಲಿ. ಎಂಟಕ್ಕೆ ಪಂಚಾಯ್ತಿ ಊರಿನ ಹೈಸ್ಕೂಲಿಗೆ ಹೋಗಬೇಕು, ಆರು ಕಿಲೋಮೀಟರ್. ಹುಡುಗಿಯರು ಸಾಲಿ ಬಿಡುವುದು ಇಲ್ಲೇ. ಏಳು ಮತ್ತು ಎಂಟರ ನಡುವೆ ಆರು ಕಿಲೋಮೀಟರ್ ಇದೆ. ಅದರಲ್ಲೇ ಒಬ್ಬೊಬ್ಬರು ಉದುರುತ್ತಾರೆ.

ಉಳಿದುಕೊಂಡದ್ದು ಊರಿನ ಹುಡುಗಿಯರ ಗುಂಪು ನಡೆಸುವ ಅಕ್ಕನ ಮನೆಯಲ್ಲಿ. ಹುಡುಗಿಯರೆಲ್ಲ ‘ಅಕ್ಕಾರ’ ಅಂತಾರೆ, ನಾನೂ ಹಾಗೇ ಕರೆದೆ. ವಯಸ್ಸು ಮೂವತ್ತರ ಒಳಗೆ. ಹದಿನೈದಕ್ಕೆ ಮದುವೆ, ಹದಿನೇಳಕ್ಕೆ ಮೊದಲ ಮಗು. ಒಂಬತ್ತನೇ ಕ್ಲಾಸು ಅರ್ಧಕ್ಕೆ ಬಿಟ್ಟದ್ದನ್ನು ಹೋದ ವರ್ಷ ಕಟ್ಟಿ ಹತ್ತನೆಯದು ಪಾಸು ಮಾಡಿಕೊಂಡಿದ್ದಾರೆ. ಮಾರ್ಕ್ಸ್ ಕಾರ್ಡು ಗೋಡೆಗೆ ಫ್ರೇಮ್ ಹಾಕಿಸಿದ್ದಾರೆ, ದೇವರ ಫೋಟೊ ಪಕ್ಕ.

ಸಂಜೆ ಏಳಕ್ಕೆ ಗುಂಪು ಸೇರುವುದು ‘ಸಂಘದ ಮನಿ’ಯಲ್ಲಿ. ಹಳೇ ಕಟ್ಟಡ, ಒಂದೇ ಕೋಣೆ. ಮಹಿಳಾ ಸಮಖ್ಯಾ ಕಾಲದ್ದು. ಹಳ್ಳಿ ಹೆಂಗಸರ ಓದಿಗೆ, ಸಂಘ ಕಟ್ಟುವುದಕ್ಕೆ ಅಂತ ಇದ್ದ ಆ ಸರ್ಕಾರಿ ಕಾರ್ಯಕ್ರಮ 1989ರಲ್ಲಿ ಕರ್ನಾಟಕ, ಗುಜರಾತ್, ಉತ್ತರ ಪ್ರದೇಶದಲ್ಲಿ ಶುರುವಾಗಿ, ಆಮೇಲೆ ಈ ಸೀಮೆಗೂ ಬಂತು. ಈಗ ಇಲ್ಲ. ಬಾಗಿಲಲ್ಲಿ ಕೂತಿದ್ದ ಅಜ್ಜಿಯನ್ನು ಕೇಳಿದೆ. ‘ಆವಾಗ ನಾವು ಸಹಿ ಮಾಡೋದು ಕಲ್ತ್ವಿ. ಗಂಡಸ್ರು ನಕ್ಕ್ರು. ಆಮ್ಯಾಲ ಬ್ಯಾಂಕಿಗೆ ಹೋದ್ವಿ, ನಗಾದು ಬಿಟ್ರು’ ಅಂದರು. ಸಂಘ ಹೋದರೂ ಮನೆ ಉಳಿದಿದೆ. ಬೀಗದ ಕೈ ಅಜ್ಜಿಯ ಸೊಂಟದಲ್ಲೇ ಇದೆ. ಹುಡುಗಿಯರಿಗೆ ಸೇರಲು ಗುಡಿ ಕಟ್ಟೆ ಆಗುವುದಿಲ್ಲ, ಅಲ್ಲಿ ಗಂಡಸರು. ಸಮುದಾಯ ಭವನದಲ್ಲಿ ಈರುಳ್ಳಿ ಚೀಲ. ಈ ಒಂದು ಕೋಣೆ ಇಲ್ಲದಿದ್ದರೆ ಗುಂಪೇ ಇರುತ್ತಿರಲಿಲ್ಲ ಅಂತ ಗೆಳತಿ ಹೇಳಿದಳು.

ಹದಿನೆಂಟು ಹುಡುಗಿಯರು ಬಂದರು. ನಾನು ಎಲ್ಲ ಪೇಟೆಯವರ ಹಾಗೆ ‘ಮುಂದೆ ಏನಾಗ್ತೀರಾ?’ ಅಂತ ಕೇಳಿಬಿಟ್ಟೆ. ಪೊಲೀಸ್, ಟೀಚರ್, ಡಾಕ್ಟರ್, ಪೊಲೀಸ್, ಟೀಚರ್. ಸಾಲಾಗಿ ಬಂತು ಉತ್ತರ, ಮಗ್ಗಿ ಒಪ್ಪಿಸಿದ ಹಾಗೆ. ಗೆಳತಿ ಮೆಲ್ಲಗೆ ಚಿವುಟಿದಳು. ‘ಅದನ್ನ ಬಂದೋರೆಲ್ಲ ಕೇಳ್ತಾರ. ನಿನ್ನೆ ಸಾಲಿ ಬಿಟ್ಟ ಮ್ಯಾಲ ಏನ್ ಮಾಡ್ದಿ ಅಂತ ಕೇಳು.’

ಆಮೇಲೆ ಅಕ್ಕಾರು ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಎರಡು ದೊಡ್ಡ ದುಂಡು ಬರೆದರು. ಒಂದು ಹುಡುಗಿಯದು, ಒಂದು ಅವಳ ಅಣ್ಣನದು. ಒಂದೊಂದಕ್ಕೂ ಇಪ್ಪತ್ತನಾಲ್ಕು ಹುಣಸೆ ಬೀಜ, ಗಂಟೆಗೆ ಒಂದರಂತೆ. ಯಾವ ಕೆಲಸಕ್ಕೆ ಎಷ್ಟು ಬೀಜ ಅಂತ ಎಲ್ಲರೂ ಜಗಳವಾಡಿಕೊಂಡು ಇಡಬೇಕು.

ಹುಡುಗಿಯ ದುಂಡು ಬೇಗ ತುಂಬಿತು. ನಿದ್ದೆಗೆ ಏಳು. ಸಾಲಿ ಮತ್ತು ದಾರಿ ಸೇರಿ ಎಂಟು. ನೀರು, ಕಸ, ರೊಟ್ಟಿ, ಪಾತ್ರೆ, ತಮ್ಮನನ್ನು ಆಡಿಸುವುದು ಸೇರಿ ಏಳು. ಓದಿಗೆ ಒಂದು. ಟಿವಿಗೆ ಒಂದು. ಆಟದ ಮನೆ ಖಾಲಿ. ಅಣ್ಣನ ದುಂಡಿನಲ್ಲಿ ನಿದ್ದೆಗೆ ಒಂಬತ್ತು, ಸಾಲಿಗೆ ಎಂಟು, ಆಟಕ್ಕೂ ಫೋನಿಗೂ ಸೇರಿ ಆರು. ಒಂದು ಬೀಜ ಉಳಿಯಿತು. ‘ಮನಿ ಕೆಲಸಕ್ಕೆ ಇಡ್ರೆ’ ಅಂದಳು ಒಬ್ಬಳು. ‘ಯಾಕಿಡ್ಬೇಕು, ಬರೇ ಡೇರಿಗೆ ಹಾಲು ಹಾಕಿ ಬರ್ತಾನ, ಅರ್ಧ ತಾಸಿಲ್ಲ’ ಅಂದಳು ಇನ್ನೊಬ್ಬಳು. ಗದ್ದಲವೋ ಗದ್ದಲ. ಕೊನೆಗೆ ಸಣ್ಣ ಹುಡುಗಿಯೊಬ್ಬಳು ಎದ್ದು ಹೊರಗೆ ಹೋದಳು. ಕಲ್ಲಿನಿಂದ ಜಜ್ಜಿದ ಸದ್ದು ಬಂತು. ಆ ಬೀಜವನ್ನು ಎರಡು ಹೋಳು ಮಾಡಿ ತಂದು, ಒಂದು ಹೋಳನ್ನು ಡೇರಿಗೆ ಇಟ್ಟಳು, ಇನ್ನೊಂದನ್ನು ಅಣ್ಣನ ಓದಿಗೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಜ್ಜಿಯೂ ನಕ್ಕರು.

ಅಕ್ಕಾರು ಏನೂ ಹೇಳಲಿಲ್ಲ. ‘ಮುಂದಿನ ವಾರ ನಿಮ್ಮ ಅವ್ವಂದಿರನ್ನ ಕರ್ಕೊಂಡ್ ಬರ್ರಿ, ಅವ್ರ ಕೈಲಿ ಇಡ್ಸೋಣು’ ಅಂದರು, ಅಷ್ಟೇ.

ರಾತ್ರಿ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ. ಪಕ್ಕದ ಮನೆಯಾಕೆ ನಾನು ಯಾವುದೋ ಆಫೀಸಿನಿಂದ ಬಂದಿದ್ದೇನೆ ಅಂದುಕೊಂಡು ಮಗಳ ಭಾಗ್ಯಲಕ್ಷ್ಮಿ ಬಾಂಡು ತಂದು ತೋರಿಸಿದರು. ಲ್ಯಾಮಿನೇಷನ್ ಮಾಡಿಸಿ ಟ್ರಂಕಿನಲ್ಲಿ ಸೀರೆ ಮಡಿಕೆಯೊಳಗೆ ಇಟ್ಟದ್ದು. 2006ರ ಮಾರ್ಚ್ 31ರ ನಂತರ ಬಡ ಕುಟುಂಬದಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆ ಸರ್ಕಾರ ಇಟ್ಟ ಠೇವಣಿ ಅದು. ಹದಿನೆಂಟು ತುಂಬುವ ಮೊದಲು ಮದುವೆಯಾದರೆ ದುಡ್ಡಿಲ್ಲ, ಎಂಟನೇ ತರಗತಿಯಾದರೂ ಓದಿರಬೇಕು. ‘ಇದಕ್ಕಾಗೇ ತಡದೀವ್ರೀ’ ಅಂದರು. ಒಳ್ಳೇದೇ ಆಯಿತಲ್ಲ ಅಂದೆ. ‘ಹ್ಞೂಂ ರೀ. ಹದಿನೆಂಟು ತುಂಬಿದ ಕೂಡ್ಲೇ ಇದೇ ರೊಕ್ಕದಾಗ ಮದ್ವಿ ಮಾಡಿಬಿಡ್ತೀವಿ.’ ಗೆಳತಿ ತಟ್ಟೆಯಿಂದ ತಲೆ ಎತ್ತಲಿಲ್ಲ.

ಎರಡನೇ ದಿನ: ಮಂಗಳವಾರ, ಆರು ಕಿಲೋಮೀಟರ್

ಅಕ್ಕಾರ ಹತ್ತಿರ ಒಂದು ನೋಟ್‌ಬುಕ್ ಇದೆ. ನೂರು ಹಾಳೆಯ ಸಾಲಿ ನೋಟು, ಮೂಲೆಗಳು ಮಡಚಿಹೋಗಿವೆ. ಜೂನ್‌ನಿಂದ ಅದರಲ್ಲಿ ದಿನಾ ಒಂದು ಸಾಲು ಬರೆಯುತ್ತಾರೆ. ಒಂಬತ್ತರ ಬಸ್ಸು ಬಂತೋ ಇಲ್ಲವೋ, ಎಷ್ಟು ಗಂಟೆಗೆ ಬಂತು, ನಿಂತಿತೋ ಇಲ್ಲವೋ, ಎಷ್ಟು ಜನ ಹುಡುಗಿಯರು ಹತ್ತಿದರು. ಸಂಜೆಯ ಬಸ್ಸಿಗೂ ಹಾಗೇ. ‘ನಿಂತು’, ‘ನಿಂದರ್ಲಿಲ್ಲ’, ‘ತುಂಬಿತ್ತು’. ಒಂದು ಕಡೆ ಮಾತ್ರ ‘ನಿಂತು, ಡ್ರೈವರ್ ಅಣ್ಣ ಚಲೋ ಇದ್ದ’ ಅಂತಿದೆ.

ಎಂಟೂ ಮುಕ್ಕಾಲಿಗೆ ಹನ್ನೊಂದು ಹುಡುಗಿಯರು ರಸ್ತೆಗೆ ಬಂದರು. ಎಲ್ಲರ ತಲೆಗೂ ಎಣ್ಣೆ ಹಚ್ಚಿ ಎರಡು ಜಡೆ, ರಿಬ್ಬನ್. ಅಕ್ಕಾರು ಮಗುವನ್ನು ಸೊಂಟದಲ್ಲಿಟ್ಟುಕೊಂಡು ನಿಂತರು. ಒಂಬತ್ತೂ ಹನ್ನೆರಡಕ್ಕೆ ಬಸ್ಸು ಕಂಡಿತು. ಬಾಗಿಲಲ್ಲೇ ಜನ ಜೋತಾಡುತ್ತಿದ್ದರು. ನಾನು ಪಟ್ಟಣದ ಧೈರ್ಯದಲ್ಲಿ ರಸ್ತೆಗೇ ಇಳಿದು ಕೈ ಅಡ್ಡ ಹಿಡಿದೆ. ಬಸ್ಸು ನನ್ನನ್ನು ಬಳಸಿಕೊಂಡು ಹೋಯಿತು. ಧೂಳು ಕೂತ ಮೇಲೆ ನೋಡಿದರೆ ಹುಡುಗಿಯರು ಬಾಯಿಗೆ ಕೈ ಹಿಡಿದು ನಗುತ್ತಿದ್ದರು. ಅಕ್ಕಾರು ಬರೆದರು: 9.12, ತುಂಬಿತ್ತು, ನಿಂದರ್ಲಿಲ್ಲ.

ಟಿಕೆಟ್ ಇಲ್ಲ ಅಂದಮೇಲೆ ಹೆಂಗಸರು ಓಡಾಡುತ್ತಾರೆ, ಓಡಾಡಬೇಕು. ಆಸ್ಪತ್ರೆಗೆ, ಸಂತೆಗೆ, ತವರಿಗೆ ಹೋಗಲು ಗಂಡನ ಕೈ ನೋಡಬೇಕಿಲ್ಲ. ಅದನ್ನು ನಾನು ದೊಡ್ಡ ವಿಷಯ ಅಂತಲೇ ಎಣಿಸುತ್ತೇನೆ. ಆದರೆ ಈ ದಾರಿಯಲ್ಲಿ ಬೆಳಗ್ಗೆ ಇರುವುದು ಅದೊಂದೇ ಬಸ್ಸು. ಮೇಲಿನ ಊರುಗಳಲ್ಲೇ ತುಂಬಿ ಬರುತ್ತದೆ. ಮೊದಲು ಸೈಕಲ್ ಆದರೂ ಇತ್ತು. 2006-07ರಿಂದ ಎಂಟನೇ ಕ್ಲಾಸಿನವರಿಗೆ ಸರ್ಕಾರ ಸೈಕಲ್ ಕೊಡುತ್ತಿತ್ತು. ಕೋವಿಡ್ ಕಾಲದಿಂದ ಅದು ನಿಂತಿತು. ಊರಲ್ಲಿ ಅಂಥ ಎರಡು ಸೈಕಲ್ ಕಂಡವು, ಒಂದರ ಮೇಲೆ ಹಾಲಿನ ಕ್ಯಾನು ಕಟ್ಟಿತ್ತು.

ಇನ್ನುಳಿದದ್ದು ಟಂಟಂ ಆಟೋ. ಒಂದೇ ಟಂಟಂ ಬಂತು, ಸಣ್ಣವರು ಏಳು ಜನ ಅದರಲ್ಲಿ ತುರುಕಿಕೊಂಡರು. ಹತ್ತನೇ ಕ್ಲಾಸಿನ ನಾಲ್ವರು ನಡೆಯುತ್ತೇವೆ ಅಂದರು. ಅವರ ಜೊತೆ ನಾನೂ ಹೊರಟೆ.

ಮಾತು ಜೋರಾಗೇ ಇತ್ತು. ಯಾವ ಸರ್ರು ಹೆಂಗೆ ನಡೀತಾರೆ, ಯಾವ ಹೀರೊ ಚಂದ, ಗಣಿತದ ಪೇಪರಿನಲ್ಲಿ ಯಾರು ಯಾರದ್ದು ನೋಡಿ ಬರೆದರು. ಸುಮಾರು ಎರಡು ಕಿಲೋಮೀಟರ್ ಆದಮೇಲೆ, ನಡುವಿನ ಊರಿನ ಕಟ್ಟೆ ಬಂತು. ನಾಲ್ಕೈದು ಬೈಕು, ಬೈಕಿನ ಮೇಲೆ ಹುಡುಗರು. ಮಾತು ನಿಂತಿತು. ಯಾರೂ ಯಾರಿಗೂ ಸನ್ನೆ ಮಾಡಲಿಲ್ಲ. ನಾಲ್ವರೂ ಒಟ್ಟಿಗೇ ವೇಲ್ ಸರಿಮಾಡಿಕೊಂಡರು, ಒತ್ತಿ ನಡೆದರು, ನೋಟ ನೆಲದ ಮೇಲೆ. ಹುಡುಗರಲ್ಲಿ ಒಬ್ಬ ಏನೋ ಹಾಡಿದ. ಕಟ್ಟೆ ದಾಟಿ ಬೇವಿನ ಮರ ಬಂತು. ಮರ ದಾಟಿದ್ದೇ ತಡ, ಗಣಿತದ ಪೇಪರಿನ ಮಾತು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಯಿತು. ಇನ್ನೊಮ್ಮೆ ಹೀಗಾದದ್ದು ಹಳ್ಳದ ಸೇತುವೆ ಹತ್ತಿರ. ಅಲ್ಲಿ ಯಾರೂ ಇರಲಿಲ್ಲ. ‘ಸಂಜಿಕ್ಕ ಇಲ್ಲಿ ಕುಡದು ಕುಂತಿರ್ತಾರ್ರೀ’ ಅಂದಳು ಒಬ್ಬಳು, ಬೆಳಗಿನ ಹತ್ತಕ್ಕೂ ದನಿ ತಗ್ಗಿಸಿ.

ಮುಟ್ಟಿದಾಗ ಹತ್ತೂವರೆ. ಮೊದಲ ಪಿರಿಯಡ್ ಹೋಗಿತ್ತು. ನನ್ನ ಕಾಲಲ್ಲಿ ಬೊಬ್ಬೆ. ಇವರು ತಿಂಗಳಿಗೆ ಎಷ್ಟು ಸಲ ಹೀಗೆ ನಡೆಯುತ್ತಾರೆ ಅನ್ನುವುದೂ ಆ ನೋಟ್‌ಬುಕ್ಕಿನಲ್ಲಿದೆ. ಅಕ್ಟೋಬರಿನಲ್ಲಿ ಒಂಬತ್ತು ಸಲ.

ಅವತ್ತು ಅದೇ ಊರಲ್ಲಿ ಮಕ್ಕಳ ಗ್ರಾಮ ಸಭೆ. ಶಾಮಿಯಾನ, ಬೆಂಚು, ವೇದಿಕೆ ಮೇಲೆ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ), ಅಧ್ಯಕ್ಷರು, ಮುಖ್ಯ ಗುರುಗಳು. ಕರ್ನಾಟಕದಲ್ಲಿ ವರ್ಷಕ್ಕೊಮ್ಮೆ ಪಂಚಾಯ್ತಿಗಳು ಹೀಗೆ ಮಕ್ಕಳ ಅಹವಾಲು ಕೇಳಬೇಕು. ಹಾರ ತುರಾಯಿಗೆ ಒಂದು ತಾಸು ಹೋಯಿತು. ಆಮೇಲೆ ಮಕ್ಕಳ ಸರದಿ. ಒಬ್ಬ ಹುಡುಗ ಕ್ರಿಕೆಟ್ ಕಿಟ್ ಕೇಳಿದ, ಕೂಡಲೇ ಮಂಜೂರು. ಒಬ್ಬಳು ಶೌಚಾಲಯದ ಬೀಗದ ಕೈ ಹುಡುಗಿಯರ ಕೈಗೇ ಇರಲಿ ಅಂದಳು. ಸಭೆ ಒಂದು ಕ್ಷಣ ಸುಮ್ಮನಾಯಿತು. ಇನ್ನೊಬ್ಬಳು ಗ್ರಂಥಾಲಯ ಸಂಜೆ ಏಳರ ತನಕ ತೆರೆದಿರಲಿ ಅಂದಳು. ಅರಿವು ಕೇಂದ್ರ ಅಂತ ಹೆಸರು ಬದಲಾದ ಮೇಲೆ ಅಲ್ಲಿ ಚೆಸ್ ಬೋರ್ಡು, ಕಂಪ್ಯೂಟರ್ ಬಂದಿವೆ, ಆದರೆ ಇವರು ಹೋಗುವ ಹೊತ್ತಿಗೆ ಬಾಗಿಲು ಹಾಕಿರುತ್ತದೆ.

ಬಸ್ಸಿನ ಮಾತು ಎತ್ತಿದ್ದು ನನ್ನ ಜೊತೆ ನಡೆದಿದ್ದ ಹುಡುಗಿಯೇ. ಚೀಟಿ ಹಿಡಿದಿದ್ದಳು, ಕೈ ನಡುಗುತ್ತಿತ್ತು, ಚೀಟಿ ನೋಡದೇ ಹೇಳಿದಳು. ಹಿರಿಯರೊಬ್ಬರು ‘ಬಸ್ಸು ಪಂಚಾಯ್ತಿ ಕೆಲಸ ಅಲ್ಲವ್ವಾ’ ಅಂದರು. ಆಗ ಅಕ್ಕಾರು ಎದ್ದು ಬಂದು ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟರು. ಮಾತಾಡಲಿಲ್ಲ. ಪಿಡಿಒ ಪುಟ ತಿರುಗಿಸಿದರು. ಎರಡು, ಮೂರು, ಹತ್ತು ಪುಟ. ‘ಇದರ ಜೆರಾಕ್ಸ್ ಕೊಡ್ರಿ, ಡಿಪೋಕ್ಕೆ ನಾನೇ ಹೋಗ್ತೀನಿ’ ಅಂದರು. ಹೋಗುತ್ತಾರೋ ಇಲ್ಲವೋ. ಆದರೆ ಮೊದಲ ಸಲ ಅವರ ಕೈಗೆ ತಾರೀಖು ಸಿಕ್ಕಿತ್ತು. ದೂರು ಅಂದರೆ ‘ಆಯ್ತು ನೋಡೋಣ’ ಅನ್ನಬಹುದು. ತಾರೀಖಿಗೆ ಹಾಗನ್ನುವುದು ಕಷ್ಟ.

ಮಧ್ಯಾಹ್ನದ ಮೇಲೆ ಸ್ಕೂಟಿಯಲ್ಲಿ ಕುಷ್ಟಗಿ ಕಡೆ. ದಾರಿಗೆ ಹತ್ತಿಯ ಹೊಲ. ನೋಡಲು ಮಾಮೂಲಿ ಹತ್ತಿ, ಆದರೆ ಇದು ಸೀಡ್ಸ್ ಹತ್ತಿ, ಕಂಪನಿಗಳಿಗೆ ಹೈಬ್ರಿಡ್ ಬೀಜ ಬೆಳೆದುಕೊಡುವುದು. ಕೈಯಿಂದ ಪರಾಗ ಸೇರಿಸುವ ಕ್ರಾಸಿಂಗ್ ಕಾಲ ಮುಗಿದು ಹತ್ತಿ ಬಿಡಿಸುವುದು ನಡೆದಿತ್ತು. ಕೊನೆಗೆ ಉಳಿದ ಒಂದು ಮೊಗ್ಗು ಹಿಡಿದು, ಹೊಲದಲ್ಲಿದ್ದ ಹುಡುಗಿ ತೋರಿಸಿದಳು. ಮಧ್ಯಾಹ್ನ, ನಾಳೆ ಅರಳುವ ಮೊಗ್ಗನ್ನು ಹುಡುಕಬೇಕು. ಹೆಬ್ಬೆರಳಿನ ಉಗುರು ಬುಡಕ್ಕೆ ಒತ್ತಿ ಒಂದು ಸುತ್ತು. ಪಕಳೆ, ಗಂಡು ಕೇಸರ ಎಲ್ಲ ಟೋಪಿಯ ಹಾಗೆ ಕಳಚಿ ಬಂತು. ನಡುವಿನ ಕಡ್ಡಿ ಮಾತ್ರ ಉಳಿಯಿತು. ಅದಕ್ಕೆ ಗುರುತಿನ ಕಾಗದ. ಮರುದಿನ ಬೆಳಗ್ಗೆ ಗಂಡು ಹೂ ಕಿತ್ತು ತಂದು ಆ ಕಡ್ಡಿಗೆ ಪರಾಗ ಸವರಬೇಕು. ಮೂರು ಸೆಕೆಂಡಿನ ಕೆಲಸ. ದಿನಕ್ಕೆ ನೂರಾರು. ಹೆಬ್ಬೆರಳ ಉಗುರು ಹಸಿರುಗಪ್ಪಾಗಿತ್ತು, ತೊಳೆದರೆ ಹೋಗುವುದಿಲ್ಲವಂತೆ.

ಲೆಕ್ಕ ಹಾಕಿ ನೋಡಿ. ಬೆಳಗ್ಗೆ ಪರಾಗ ಸವರುವುದು, ಮಧ್ಯಾಹ್ನ ಮೊಗ್ಗು ಕಳಚುವುದು. ಸಾಲಿಯ ಹೊತ್ತೂ ಅದೇ. ಆಗಸ್ಟಿನಿಂದ ಎರಡು ಮೂರು ತಿಂಗಳು, ಮೊದಲ ಅರ್ಧ ವರ್ಷದ ಪಾಠವೂ ಅದೇ. ಬಾಲಕಾರ್ಮಿಕ ಕಾಯ್ದೆಗೆ 2016ರ ತಿದ್ದುಪಡಿಯಾದ ಮೇಲೆ ಹದಿನಾಲ್ಕರ ಒಳಗಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಮನೆಯವರ ಕೆಲಸಕ್ಕೆ ಸಾಲಿ ಬಿಟ್ಟ ಮೇಲೆ ಕೈಗೂಡಿಸಬಹುದು ಅಂತ ಒಂದು ಕಿಂಡಿ ಇದೆ. ಹೊಲದ ಯಜಮಾನರು ಮೊದಲು ಹೇಳಿದ ಮಾತು ‘ಎಲ್ಲಾ ನಮ್ ಮನಿ ಮಕ್ಕಳೇ ರೀ’. ಮನೆ ದೊಡ್ಡದು ಅಂತ ಕಾಣುತ್ತದೆ.

ಆ ಹುಡುಗಿ ಎಂಟನೇ ಕ್ಲಾಸು. ಹಾಜರಿ ಕಡಿಮೆಯಾಗಿ ಗುಂಪಿನವರು ಮನೆಗೆ ಹೋಗಿ, ಈಗ ವಾರದಿಂದ ಮತ್ತೆ ಸಾಲಿಗೆ ಹೋಗುತ್ತಿದ್ದಾಳೆ. ಅವತ್ತು ಯಾಕೆ ಹೊಲದಲ್ಲಿದ್ದಳು ಅಂತ ಕೇಳಬೇಕು ಅಂದುಕೊಂಡೆ, ಕೇಳಲಿಲ್ಲ.

ರಾತ್ರಿ ಕುಷ್ಟಗಿಯಲ್ಲಿ ಗೆಳತಿಯ ರೂಮಿನಲ್ಲಿ ಅವಳನ್ನೇ ಕೇಳಿದೆ. ಇಷ್ಟೆಲ್ಲ ಮಾಡ್ತೀರಲ್ಲ, ಇದರಿಂದಲೇ ಆಯ್ತು ಅಂತ ಹೇಗೆ ಹೇಳ್ತೀರಾ? ಅವಳು ಸುತ್ತು ಬಳಸಲಿಲ್ಲ. ವಿಜಯಪುರ, ಬಾಗಲಕೋಟೆಯಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ‘ಸಮತಾ’ ಅಂತ ದೊಡ್ಡ ಕಾರ್ಯಕ್ರಮ ನಡೆಸಿತ್ತು. ದಲಿತ ಮತ್ತು ಪರಿಶಿಷ್ಟ ಪಂಗಡದ ಹುಡುಗಿಯರು ಹೈಸ್ಕೂಲು ಮುಗಿಸಲಿ ಅಂತ. ಕಾರ್ಯಕ್ರಮ ನಡೆದ ಊರು, ನಡೆಯದ ಊರು ಎರಡನ್ನೂ ಅಳೆದು ನೋಡಿದರು. ಒಟ್ಟಾರೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಎರಡೂ ಕಡೆ ಹುಡುಗಿಯರು ಸಾಲಿಯಲ್ಲಿ ಉಳಿಯುವುದು ಹೆಚ್ಚಾಗಿತ್ತು, ಎಳೇ ಮದುವೆ ಕಡಿಮೆಯಾಗಿತ್ತು. ಕಾಲವೇ ಬದಲಾಗುತ್ತಿತ್ತು. ಅದೇ ಟ್ರಸ್ಟ್ ಕೊಪ್ಪಳದಲ್ಲಿ ‘ಸ್ಫೂರ್ತಿ’ಯನ್ನೂ ಶುರುಮಾಡಿತು. ಊರಿನ ಹುಡುಗಿಯರಲ್ಲೇ ಕೆಲವರನ್ನು ಮಾದರಿ ಹುಡುಗಿಯರು ಅಂತ ಆರಿಸಿ, ತರಬೇತಿ ಕೊಟ್ಟು, ಉಳಿದವರಿಗೆ ಅವರೇ ಹೇಳುವಂತೆ ಮಾಡುವುದು. ಅಪ್ಪ ಅವ್ವಂದಿರ ಜೊತೆಗೂ ಮಾತು.

‘ಹಂಗಾದ್ರ ನಿನ್ನ ಕೆಲಸ?’ ಅಂದೆ.

‘ಅಪ್ಪಂದಿರು ಓದಿಸ್ಬಾರ್ದು ಅನ್ನಂಗಿಲ್ಲ ಈಗ. ಹನ್ನೆರಡು ವರ್ಷದ ಹಿಂದ ಅಂತಿದ್ರು. ಈಗ ಒಂದೇ ಮಾತು, ಏನರ ಆದ್ರ ಯಾರ ಜವಾಬ್ದಾರಿ? ಅದಕ್ಕ ಪೋಸ್ಟರ್ ಉತ್ತರ ಕೊಡೂದಿಲ್ಲ. ಊರಾಗ ಒಬ್ರು ‘ನಂದು’ ಅನ್ಬೇಕು.’

ದೀಪ ಆರಿಸಿ ಅಷ್ಟು ಹೊತ್ತಾದ ಮೇಲೆ, ಇನ್ನೊಂದು ಹೇಳಿದಳು. ಎರಡು ವರ್ಷದ ಹಿಂದೆ ಅಕ್ಕಾರ ಊರಲ್ಲಿ ಒಂದು ಮದುವೆ ನಿಂತಿತ್ತು. ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದ್ದರು. ಕರ್ನಾಟಕದ ಕಾಯ್ದೆಯಲ್ಲಿ ಎಳೇ ಮದುವೆ ನಡೆದರೂ ಅದು ಮದುವೆಯೇ ಅಲ್ಲ. ಅಧಿಕಾರಿಗಳು ಬಂದರು, ಮುಚ್ಚಳಿಕೆ ಬರೆಸಿಕೊಂಡರು, ಹೋದರು. ಫೋನ್ ಯಾರು ಮಾಡಿದ್ದು ಅಂತ ಊರಿಗೆ ಇವತ್ತಿಗೂ ಗೊತ್ತಿಲ್ಲ. ಆದರೂ ಆರು ತಿಂಗಳು ಅಕ್ಕಾರ ಮನೆಗೆ ಯಾರೂ ಊಟಕ್ಕೆ ಹೇಳಲಿಲ್ಲ. ಅವರ ಗಂಡ ಒಂದು ಮಾತೂ ಆಡದೆ ಅವರ ಜೊತೆ ಮನೆಯಲ್ಲೇ ಉಂಡ. ಆ ಮನುಷ್ಯನನ್ನು ನಾನು ನಿನ್ನೆ ಸರಿಯಾಗಿ ಮಾತಾಡಿಸಿರಲಿಲ್ಲ.

ಮೂರನೇ ದಿನ: ಬುಧವಾರ, ಸಿಂಧನೂರು ಕಡೆ

ಕುಷ್ಟಗಿಯಿಂದ ತಾವರಗೇರಾ ದಾಟಿ ಸಿಂಧನೂರು. ಬಸ್ಸಿನಲ್ಲಿ ಕೂತರೆ ಒಂದು ತಮಾಷೆ ಕಾಣುತ್ತದೆ. ಎಲ್ಲಿಯತನಕ ತೊಗರಿ, ಸಜ್ಜೆ, ಕುರಿಹಿಂಡೋ ಅಲ್ಲಿಯತನಕ ಕೊಪ್ಪಳದ ಒಣಬೇಸಾಯ. ಆಮೇಲೆ ಕಾಲುವೆ. ತುಂಗಭದ್ರಾ ಎಡದಂಡೆ. ಕಣ್ಣು ಮುಟ್ಟುವ ತನಕ ಭತ್ತ, ಕೊಯ್ಲಿನ ಯಂತ್ರಗಳ ಸದ್ದು, ರಸ್ತೆ ಮೇಲೆ ಒಣಗಲು ಹರವಿದ ಕಾಳು. ದುಡ್ಡು ಕಾಣುವ ಸೀಮೆ. ಆದರೆ 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಹೆಣ್ಣುಮಕ್ಕಳಲ್ಲಿ ಓದುಬರಹ ಬಲ್ಲವರು ಅರ್ಧದಷ್ಟೂ ಇರಲಿಲ್ಲ. ನೀರು ಬಂದ ಕಡೆಯೆಲ್ಲ ಅಕ್ಷರ ಹಿಂದೆಯೇ ಬರುವುದಿಲ್ಲ ಅಂತ ಕಾಣುತ್ತದೆ. ಜಮೀನು ಇದ್ದವರಿಗೆ ಕಾಲುವೆ, ಇಲ್ಲದವರಿಗೆ ಗುಳೆ. ಬೆಂಗಳೂರು, ಗೋವಾ, ಮಹಾರಾಷ್ಟ್ರ.

ಗುಳೆ ಹೋದವರ ಹೆಣ್ಣುಮಕ್ಕಳೇ ಹೆಚ್ಚಾಗಿರುವ ಒಂದು ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಕ್ಕೆ ಹೋದೆವು. ಓದಿನಲ್ಲಿ ಹಿಂದುಳಿದ ತಾಲ್ಲೂಕುಗಳ ಹುಡುಗಿಯರಿಗಾಗಿ 2004ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ವಸತಿ ಶಾಲೆಗಳು ಇವು. ಊಟ, ಪುಸ್ತಕ, ಬಟ್ಟೆ ಎಲ್ಲ ಅಲ್ಲೇ.

ನಾವು ಹೋದಾಗ ಊಟದ ಹೊತ್ತು. ಅನ್ನ, ಸಾರು, ಮೊಟ್ಟೆ. ಮೊಟ್ಟೆ ಸಿಪ್ಪೆ ಸುಲಿಯುವ ಪೈಪೋಟಿ ನಡೆದಿತ್ತು, ಒಂದೇ ಉಂಗುರವಾಗಿ ಬರಬೇಕಂತೆ. ಬಿಸಿಯೂಟದಲ್ಲಿ ಮೊಟ್ಟೆ ಮೊದಲು ಬಂದದ್ದು 2021ರ ಡಿಸೆಂಬರಿನಲ್ಲಿ, ಈ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಮತ್ತು ವಿಜಯಪುರಕ್ಕೆ. ಆಗ ಎಷ್ಟು ಗದ್ದಲವಾಯಿತು, ನೆನಪಿದೆಯಲ್ವಾ? ಇಲ್ಲಿ ಯಾರಿಗೂ ನೆನಪಿಲ್ಲ. ಊಟದ ಮೇಲೆ ವಾರದ ನೀಲಿ ಮಾತ್ರೆ, ಕಬ್ಬಿಣಾಂಶದ್ದು. ಟೀಚರ್ ಎದುರೇ ನುಂಗಿ ಬಾಯಿ ತೆರೆದು ತೋರಿಸಬೇಕು. ಒಬ್ಬಳು ನಾಲಗೆ ಕೆಳಗೆ ಅಡಗಿಸಿ ಸಿಕ್ಕಿಬಿದ್ದಳು. ಹೊಟ್ಟೆ ತೊಳಸುತ್ತದೆ ಅಂತ ಅವಳ ದೂರು, ನಿಜವೂ ಹೌದು. ಖಾಲಿ ಹೊಟ್ಟೆಗೆ ತಗೊಂಡರೆ ಹಾಗಾಗುತ್ತದೆ, ಅದಕ್ಕೇ ಊಟದ ಮೇಲೆ.

ಮಲಗುವ ಹಾಲಿನಲ್ಲಿ ಸಾಲಾಗಿ ತಗಡಿನ ಪೆಟ್ಟಿಗೆಗಳು. ಒಬ್ಬಳು ತನ್ನದನ್ನು ತೆರೆದು ತೋರಿಸಿದಳು. ಎರಡು ಜೊತೆ ಬಟ್ಟೆ, ಬಾಚಣಿಗೆ, ಫೇರ್‌ನೆಸ್ ಕ್ರೀಮಿನ ಖಾಲಿ ಟ್ಯೂಬು, ತಂಬಿಟ್ಟಿನ ಡಬ್ಬಿ. ಮುಚ್ಚಳದ ಒಳಗೆ ಅಂಟಿಸಿದ ಕಾಗದದಲ್ಲಿ ಮೂರು ಫೋನ್ ನಂಬರು. ಅಪ್ಪಂದು, ಚಿಕ್ಕಪ್ಪಂದು, ಬೆಂಗಳೂರಿನ ಮೇಸ್ತ್ರಿಯದು. ‘ಅಪ್ಪಂದು ಹತ್ತಲಿಲ್ಲಂದ್ರ ಮೇಸ್ತ್ರಿಗೆ ಮಾಡ್ತೀನ್ರೀ.’

ವಾರ್ಡನ್ ಮೇಡಂ ಚಿಂತೆ ಬೇರೆ. ಇಲ್ಲಿ ಇರುವುದು ಎಂಟನೇ ಕ್ಲಾಸಿನ ತನಕ. ಆಮೇಲೆ ಬೇರೆ ಹಾಸ್ಟೆಲಿನಲ್ಲಿ ಸೀಟು ಸಿಕ್ಕರೆ ಸರಿ. ಸಿಗದಿದ್ದರೆ ಮನೆ. ಮನೆಯೆಂದರೆ ಬೆಂಗಳೂರಿನ ತಗಡಿನ ಶೆಡ್ಡು, ಇಲ್ಲವೇ ಅಜ್ಜಿಯ ಜೊತೆ ಹಳ್ಳಿ. ‘ಮೇ ತಿಂಗಳಾಗ ನನಗ ನಿದ್ದಿ ಬರಂಗಿಲ್ರೀ. ಒಬ್ಬೊಬ್ಬರ ಮನಿಗೂ ಫೋನ್ ಹಚ್ಚತೀನಿ. ಮೂರನೇ ಸಲ ಹಚ್ಚಿದಾಗ ಕೆಲವರು ಮದ್ವಿ ಕಾರ್ಡ್ ಕಳಸ್ತಾರ.’ ಈ ಕೆಲಸ ಅವರ ಡ್ಯೂಟಿ ಪಟ್ಟಿಯಲ್ಲಿ ಇಲ್ಲ. ಫೋನಿನ ಕರೆನ್ಸಿಯೂ ಅವರದೇ.

ಸಂಜೆ ಸಿಂಧನೂರಿನಲ್ಲಿ ಗೆಳತಿ ವಾಪಸ್ ಹೊರಟಳು. ನಾನು ಲಾಡ್ಜಿನಲ್ಲಿ ಉಳಿದೆ. ಸೊಳ್ಳೆ. ಅದರ ಬಗ್ಗೆ ಬರೆಯುವುದಕ್ಕೆ ಏನೂ ಇಲ್ಲ.

ನಾಲ್ಕನೇ ದಿನ: ಗುರುವಾರ, ಬಳ್ಳಾರಿ

ಧಡೇಸೂಗೂರು ಸೇತುವೆ ಮೇಲೆ ತುಂಗಭದ್ರೆ ದಾಟಿ, ಸಿರುಗುಪ್ಪ ಮೇಲೆ ಬಳ್ಳಾರಿಗೆ. ಅಲ್ಲಿ ನೋಡಬೇಕಾದ್ದು ಒಬ್ಬಳನ್ನೇ. ಅಕ್ಕಾರ ಊರಿನವಳು, ಆ ಗುಂಪಿನಲ್ಲೇ ಬೆಳೆದವಳು, ಈಗ ಬಿ.ಕಾಂ. ಕೊನೇ ವರ್ಷ. ಹಾಸ್ಟೆಲಿನಲ್ಲಿದ್ದಾಳೆ. ರಜೆಯಿದ್ದಾಗ ಜೀನ್ಸ್ ಹೊಲಿಯುವ ಮನೆಯೊಂದರಲ್ಲಿ ದಾರ ಕತ್ತರಿಸುವ ಕೆಲಸ. ಬಳ್ಳಾರಿ ಜೀನ್ಸ್ ಅಂದರೆ ಹೆಸರುವಾಸಿ. ಓಣಿ ಓಣಿಯಲ್ಲಿ ಮಿಷಿನ್ ಸದ್ದು. ಹೊಲಿದ ಪ್ಯಾಂಟಿನಲ್ಲಿ ನೇತಾಡುವ ದಾರದ ತುದಿಗಳನ್ನು ಸಣ್ಣ ಕತ್ತರಿಯಿಂದ ತೆಗೆಯಬೇಕು. ಪೀಸಿನ ಲೆಕ್ಕ. ಅವಳ ಬೆರಳ ತುದಿ ನೀಲಿ. ಮೊನ್ನೆ ಕಂಡ ಹಸಿರು ಉಗುರು ನೆನಪಾಯಿತು, ಅವಳಿಗೆ ಹೇಳಲಿಲ್ಲ.

ಚಹಾ ಕುಡಿಯುತ್ತಾ ಕೇಳಿದೆ, ನಿನಗೆ ಯಾವುದು ಆಗಿಬಂತು? ತರಬೇತಿಯೋ, ಶಿಬಿರವೋ?

‘ಶಿಬಿರದಾಗ ಊಟ ಚಲೋ ಇತ್ರೀ’ ಅಂತ ನಕ್ಕಳು. ಆಮೇಲೆ ಹೇಳಿದಳು. ‘ನಾ ಹತ್ತನೇತ್ತ ಇದ್ದಾಗ ಸಂಜಿ ಬಸ್ಸು ತಪ್ಪಿ ನಡಕೊಂಡ್ ಬಂದೆ. ಏಳೂವರಿ ಆಗಿತ್ತು. ಊರಾಗ ಮಾತಾತು. ಮರುದಿನ ಅಪ್ಪ ಸಾಕು ಅಂದ. ಅಕ್ಕಾರು ಬಂದು ಒಳಗ ಕುಂದ್ರಲಿಲ್ಲ, ಓಣ್ಯಾಗ ನಿಂತು ಎಲ್ಲಾರಿಗೂ ಕೇಳಂಗ ಅಂದ್ರು, ನಾಳಿಂದ ಸಂಜಿಕ್ಕ ನಾನೇ ಹೋಗಿ ಕರ್ಕೊಂಡ್ ಬರ್ತೀನಿ, ಆಕಿಗೆ ಏನರ ಅನ್ನೋದಿದ್ರ ನನಗ ಅನ್ರಿ. ನಾಕ್ ತಿಂಗಳು ಬಂದ್ರು ರೀ. ಆವಾಗ ಅವರು ಬಸುರಿ ಇದ್ರು.’

‘ದಿನಾ?’

‘ದಿನಾ. ಅವ್ರು ಬರಲಾರದ್ ದಿನ ಅವ್ರ ಗಂಡ ಸೈಕಲ್ ತಗೊಂಡ್ ಬರ್ತಿದ್ದ. ಸೈಕಲ್ ತಳ್ಕೊಂತ ಇಪ್ಪತ್ತು ಹೆಜ್ಜಿ ಹಿಂದ ಬರ್ತಿದ್ದ, ಮಾತಾಡ್ತಿದ್ದಿಲ್ಲ.’

ರಾತ್ರಿ ರೈಲಿಗೆ ಇನ್ನೂ ಹೊತ್ತಿತ್ತು. ಬಳ್ಳಾರಿ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಗೆಳತಿಗೆ ಮೆಸೇಜು ಹಾಕಿದೆ, ನೋಟ್‌ಬುಕ್ಕಿನ ಫೋಟೊ ಬೇಕು ಅಂತ. ಜೆರಾಕ್ಸು ಪಂಚಾಯ್ತಿಗೆ ಹೋಗಿದೆ, ಪಿಡಿಒ ಇನ್ನೂ ಡಿಪೋಕ್ಕೆ ಹೋಗಿಲ್ಲ ಅಂತ ಉತ್ತರ ಬಂತು. ಹತ್ತು ನಿಮಿಷ ಬಿಟ್ಟು ಅಕ್ಕಾರ ನಂಬರಿನಿಂದಲೇ ಫೋಟೊ ಬಂತು, ಸ್ವಲ್ಪ ಅಲುಗಾಡಿದ್ದು. ಮಗುವಿನ ಕೈ ಅಡ್ಡ ಬಂದಿತ್ತು.

ಮಂಗಳವಾರ, 9.12, ತುಂಬಿತ್ತು, ನಿಂದರ್ಲಿಲ್ಲ. ಮೈಸೂರು ಮೇಡಂ ಕೈ ಮಾಡಿದ್ರೂ ನಿಂದರ್ಲಿಲ್ಲ.

ಬುಧವಾರ, 9.05, ನಿಂತು. 11 ಮಂದಿ.

ಗುರುವಾರ, ಬರಲಿಲ್ಲ.